ಲ್ಯಾಪ್‌ಟಾಪನ್ನೇ ಮೇಜಿನ ಕಂಪ್ಯೂಟರ್ ಮಾಡಿಕೊಳ್ಳುವ ಬಗೆ

ಬೆಲೆಬಾಳುವ ಲ್ಯಾಪ್‌ಟಾಪ್ ಕೊಂಡು ಡೆಸ್ಕ್‌ಟಾಪಿನ ಬದಲಿಗೆ ಅದನ್ನೇ ಬಳಸಲು ಯೋಚಿಸುತ್ತಿರುವವರು, ಆ ಯಂತ್ರ ಮೇಜು ಬಿಟ್ಟು ಎಷ್ಟು ಸಲ ಏಳಲಿದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ವರ್ಷವಿಡೀ ಒಂದೇ ಕೋಣೆಯ ಒಂದೇ ಮೂಲೆಯಲ್ಲಿ ಕೂರುವುದಾದರೆ ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವುದು ಮೇಲು. ಅದರ ವೇಗ ಹೆಚ್ಚು, ಸದ್ದು ಕಡಿಮೆ, ಬಿಡಿಭಾಗವೊಂದು ಕೆಟ್ಟರೆ ಅದನ್ನಷ್ಟೇ ಬದಲಿಸಿ ಇನ್ನೂ ಕೆಲವು ವರ್ಷ ನಡೆಸಬಹುದು. ಆದರೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ವಿಡಿಯೋ ಸಂಕಲನವನ್ನೋ ಕಟ್ಟಡಗಳ ನಕ್ಷೆಯನ್ನೋ ಪ್ರೋಗ್ರಾಮಿಂಗನ್ನೋ ಮಾಡುತ್ತ, ಹಬ್ಬಕ್ಕೆ, ಮದುವೆಗೆ, ಅಡಿಕೆ ಕೊಯ್ಲಿಗೆ ಎಂದು ಊರಿಗೆ ಹೋದಾಗಲೂ ಅದೇ ಕೆಲಸವನ್ನು ನಿಲ್ಲಿಸದೆ ಮುಂದುವರಿಸಬೇಕಾದವರಿಗೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ, ಕಚೇರಿಯಲ್ಲೊಂದು ಮನೆಯಲ್ಲೊಂದು ಮೇಜು ಇರುವವರಿಗೆ ಲ್ಯಾಪ್‌ಟಾಪೇ ಸರಿ. ಈ ಬರಹ ಅವರಿಗಾಗಿ.

ಅವರಿಗೆ ನಾನು ಕೊಡುವ ಮುಖ್ಯ ಸಲಹೆಯೆಂದರೆ, ಇರುವ ಹಣವನ್ನೆಲ್ಲ ಲ್ಯಾಪ್‌ಟಾಪಿಗೇ ಸುರಿಯಬಾರದು. ನಾಲ್ಕರಲ್ಲಿ ಒಂದು ಪಾಲನ್ನಾದರೂ ಮಾನಿಟರು, ಕೀಬೋರ್ಡು, ಒಳ್ಳೆಯ ಕೇಬಲ್ಲು ಮತ್ತು ವಿದ್ಯುತ್ ವ್ಯವಸ್ಥೆಗೆಂದು ತೆಗೆದಿಡಬೇಕು. ಅತಿ ದುಬಾರಿ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬರಿದೇ ಇಟ್ಟು, ಅದರ ಪುಟ್ಟ ಪರದೆಗೆ ಕತ್ತು ಬಗ್ಗಿಸಿ ಕೂರುವವರಿಗಿಂತ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಯಂತ್ರವನ್ನು ಚೆನ್ನಾಗಿ ಅಣಿಗೊಳಿಸಿದ ಮೇಜಿಗೆ ಜೋಡಿಸಿಕೊಂಡವರ ಕೆಲಸ ಬೇಗ ಸಾಗುತ್ತದೆ.

ಹೆಸರು ಒಂದೇ, ಶಕ್ತಿ ಬೇರೆ

ಲ್ಯಾಪ್‌ಟಾಪ್ ಕೊಳ್ಳುವಾಗ ಗ್ರಾಫಿಕ್ಸ್ ಚಿಪ್ಪಿನ, ಎಂದರೆ ಪರದೆಯ ಚಿತ್ರವನ್ನು ರಚಿಸುವ ಚಿಪ್ಪಿನ, ಹೆಸರನ್ನು ನಂಬಿ ಹಣ ಕೊಡಬಾರದು. ಎನ್ವಿಡಿಯಾದ ಆರ್‌ಟಿಎಕ್ಸ್ 4070 ಎಂಬ ಹೆಸರಿನಲ್ಲಿ ಡೆಸ್ಕ್‌ಟಾಪಿಗೆ ಬರುವ ಕಾರ್ಡು 200 ವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ ಮತ್ತು ಅದರಲ್ಲಿ 12 ಜಿಬಿ ಮೆಮೊರಿ ಇರುತ್ತದೆ. ಅದೇ ಹೆಸರಿನಲ್ಲಿ ಲ್ಯಾಪ್‌ಟಾಪಿಗೆ ಬರುವ ಚಿಪ್ಪಿಗೆ 8 ಜಿಬಿ ಮೆಮೊರಿ, ಅದರ ವಿದ್ಯುತ್ ಮಿತಿ ತಯಾರಕರ ಇಷ್ಟದಂತೆ 35ರಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಆರ್‌ಟಿಎಕ್ಸ್ 4090ರಲ್ಲಿ ಈ ಅಂತರ ಇನ್ನೂ ದೊಡ್ಡದು: ಡೆಸ್ಕ್‌ಟಾಪಿನದು 450 ವ್ಯಾಟ್ ಮತ್ತು 24 ಜಿಬಿ, ಲ್ಯಾಪ್‌ಟಾಪಿನದು ಹೆಚ್ಚೆಂದರೆ 175 ವ್ಯಾಟ್ ಮತ್ತು 16 ಜಿಬಿ. ಹೀಗಾಗಿ ತೆಳ್ಳಗಿನ ಮೈಯೊಳಗೆ ಕಡಿಮೆ ವ್ಯಾಟ್‌ನಲ್ಲಿ ಓಡುವ ದುಬಾರಿ ಚಿಪ್ಪಿಗಿಂತ, ಸ್ವಲ್ಪ ದಪ್ಪನೆಯ ಮೈಯಲ್ಲಿ ಪೂರ್ತಿ ವ್ಯಾಟ್ ಪಡೆಯುವ ಅಗ್ಗದ ಚಿಪ್ಪು ಹಲವು ಕೆಲಸಗಳಲ್ಲಿ ಮುಂದೆ ನಿಲ್ಲುತ್ತದೆ. ಈ ವ್ಯಾಟ್ ಸಂಖ್ಯೆಯನ್ನು ಕೆಲವು ತಯಾರಕರು ತಾಂತ್ರಿಕ ವಿವರಗಳ ಪುಟದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಕೊಡುತ್ತಾರೆ. ಅಲ್ಲಿಯೂ ಸಿಗದಿದ್ದರೆ ಅಡಾಪ್ಟರಿನ ವ್ಯಾಟ್ ನೋಡಿ ಅಂದಾಜು ಮಾಡಬಹುದು. 330 ವ್ಯಾಟ್ ಅಡಾಪ್ಟರ್ ಕೊಟ್ಟಿರುವ ಯಂತ್ರವೂ 140 ವ್ಯಾಟಿನದನ್ನು ಕೊಟ್ಟಿರುವ ಯಂತ್ರವೂ ಒಂದೇ ಚಿಪ್ಪಿನ ಹೆಸರು ಹೊತ್ತಿದ್ದರೂ ಒಂದೇ ಅಲ್ಲ.

ಪ್ರೊಸೆಸರಿನ ವಿಚಾರವೂ ಹೀಗೆಯೇ. ಇಂಟೆಲ್ ಕಂಪನಿಯ ಕೋರ್ ಐ9-14900ಎಚ್‌ಎಕ್ಸ್ ಚಿಪ್ಪಿನ ಮೂಲ ಮಿತಿ 55 ವ್ಯಾಟ್, ಗರಿಷ್ಠ ಮಿತಿ 157 ವ್ಯಾಟ್. ಈ ಎರಡರ ನಡುವೆ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಫ್ಯಾನು ಮತ್ತು ಬಿಸಿಯನ್ನು ಸಾಗಿಸುವ ತಾಮ್ರದ ಕೊಳವೆಗಳು. ಮೊದಲ ನಿಮಿಷದ ವೇಗವನ್ನು ಅಳೆದು ಹೊಗಳುವ ವಿಮರ್ಶೆಗಳನ್ನು ಬದಿಗಿಟ್ಟು, ಅರ್ಧ ಗಂಟೆ ಸತತವಾಗಿ ದುಡಿಸಿದ ಮೇಲೆ ಎಷ್ಟು ವ್ಯಾಟ್ ಉಳಿದಿದೆ ಎಂದು ತೋರಿಸುವ ವಿಮರ್ಶೆಗಳನ್ನು ಹುಡುಕಿ ಓದಬೇಕು. ಮೇಜಿನ ಕೆಲಸವೆಂದರೆ ಸತತ ಕೆಲಸ.

ಇನ್ನು ರ್‍ಯಾಮ್. ತೆಳು ಯಂತ್ರಗಳಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಡೆಸ್ಕ್‌ಟಾಪಿನ ಜಾಗದಲ್ಲಿ ನಾಲ್ಕೈದು ವರ್ಷ ನಿಲ್ಲಬೇಕಾದ ಯಂತ್ರಕ್ಕೆ 32 ಜಿಬಿ ಇರಲಿ. ಬೆಸುಗೆಯ ರ್‍ಯಾಮ್ ಆಗಿದ್ದರೆ ಅದನ್ನು ಕೊಳ್ಳುವಾಗಲೇ ಪಡೆಯಬೇಕು, ಸ್ಲಾಟ್ ಇದ್ದರೆ ಆಮೇಲೆ ಹಾಕಿಸಿಕೊಳ್ಳಬಹುದು. ಕಡತಗಳನ್ನು ಇಡುವ ಎಸ್‌ಎಸ್‌ಡಿಗೆ ಎರಡನೆಯ ಸ್ಲಾಟ್ ಇರುವುದೂ ಬಹಳ ಉಪಕಾರಿ. ಪೋರ್ಟುಗಳು ಹಿಂಬದಿಯಲ್ಲಿರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಬಲಬದಿಯಲ್ಲಿ ಎಚ್‌ಡಿಎಂಐ ಕೇಬಲ್ಲು ಚಾಚಿಕೊಂಡಿದ್ದರೆ ಮೌಸ್ ಆಡಿಸಲು ಜಾಗ ಉಳಿಯುವುದಿಲ್ಲ ಎಂಬುದು ಅಂಗಡಿಯಲ್ಲಿ ಹೊಳೆಯುವ ಸಂಗತಿಯಲ್ಲ. ಗಾತ್ರದ ಮಟ್ಟಿಗೆ 16 ಇಂಚು ಸಾಕು. 21 ಇಂಚಿನ ಬಾಗಿದ ಪರದೆಯುಳ್ಳ, 8 ಕಿಲೋಗೂ ಹೆಚ್ಚು ತೂಗುವ ಪ್ರಿಡೇಟರ್ 21 ಎಕ್ಸ್ ಎಂಬ ಲ್ಯಾಪ್‌ಟಾಪನ್ನು ಏಸರ್ ಕಂಪನಿ 2017ರಲ್ಲಿ ಮಾರಾಟಕ್ಕೆ ತಂದಿತ್ತು; ಅದನ್ನು ಬೆನ್ನಿಗೆ ಹೊತ್ತು ರಾತ್ರಿ ಬಸ್ಸು ಹತ್ತುವವರು ಯಾರೆಂದು ನನಗೆ ಇಂದಿಗೂ ತಿಳಿಯದು.

ಒಂದೇ ಕೇಬಲ್ಲಿನ ಆಸೆ

ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಒಂದೇ ಕೇಬಲ್ ಚುಚ್ಚಿದರೆ ಮಾನಿಟರು, ಕೀಬೋರ್ಡು, ಇಂಟರ್ನೆಟ್, ಚಾರ್ಜು ಎಲ್ಲವೂ ಬರಬೇಕು, ಹೊರಡುವಾಗ ಅದೊಂದನ್ನು ಕಿತ್ತರೆ ಸಾಕಾಗಬೇಕು ಎಂಬುದು ಎಲ್ಲರ ಆಸೆ. ಡಾಕ್ ಎಂಬ ಸಾಧನ ಇದನ್ನು ಬಹುಮಟ್ಟಿಗೆ ನೆರವೇರಿಸುತ್ತದೆ. ಆದರೆ ಅತಿ ಹೆಚ್ಚು ಹಣ ಪೋಲಾಗುವುದೂ ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಯುಎಸ್‌ಬಿ-ಸಿ ಎಂಬುದು ರಂಧ್ರದ ಆಕಾರದ ಹೆಸರು ಮಾತ್ರ. ಅದರ ಹಿಂದೆ ಏನಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ, ಒಂದೇ ಯಂತ್ರದ ಎಡಬಲ ಬದಿಗಳಿಗೂ ಬೇರೆಯಾಗುತ್ತದೆ. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಎಂದರೆ ಚಿತ್ರವನ್ನೂ ದತ್ತಾಂಶವನ್ನೂ ಅತಿ ವೇಗದಲ್ಲಿ ಒಯ್ಯುವ ಪೋರ್ಟು. ಥಂಡರ್‌ಬೋಲ್ಟ್ 4 ಆಗಿದ್ದರೆ ಸೆಕೆಂಡಿಗೆ 40 ಗಿಗಾಬಿಟ್ ವೇಗವೂ, ಎರಡು 4ಕೆ (ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕೆಗಳ) ಮಾನಿಟರುಗಳನ್ನು 60 ಹರ್ಟ್ಸ್‌ನಲ್ಲಿ, ಎಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತ, ನಡೆಸುವ ಸಾಮರ್ಥ್ಯವೂ ಖಾತ್ರಿ. ಇಂಗ್ಲಿಷ್ ‘ಡಿ’ ಅಕ್ಷರದೊಳಗೆ ‘ಪಿ’ ಹುದುಗಿದಂತಿರುವ ಗುರುತು ಇದ್ದರೆ ಆ ಪೋರ್ಟು ಚಿತ್ರವನ್ನು ಹೊರಗೆ ಕಳಿಸುತ್ತದೆ. ಬರೀ ಯುಎಸ್‌ಬಿ ಕವಲಿನ ಗುರುತು ಇದ್ದರೆ ಅದು ಮಾನಿಟರಿಗೆ ಆಗಬಹುದು, ಆಗದಿರಬಹುದು. ಆ ಮಾದರಿಯ ಕೈಪಿಡಿಯನ್ನು ತೆರೆದು ನೋಡುವುದೇ ದಾರಿ.

ಯುಎಸ್‌ಬಿ-ಸಿ ಕೇಬಲ್ಲಿನೊಳಗೆ ವೇಗದ ದತ್ತಾಂಶಕ್ಕೆಂದು ನಾಲ್ಕು ಹಾದಿಗಳಿವೆ. ಥಂಡರ್‌ಬೋಲ್ಟ್ ಅಲ್ಲದ ಸಾಧಾರಣ ಹಬ್ಬುಗಳು (ಒಂದು ಪೋರ್ಟನ್ನು ಹಲವಾಗಿ ಕವಲೊಡೆಸುವ ಸಣ್ಣ ಸಾಧನಗಳು) ಅವುಗಳಲ್ಲಿ ಎರಡನ್ನು ಚಿತ್ರಕ್ಕೂ ಇನ್ನೆರಡನ್ನು ಪೆನ್‌ಡ್ರೈವ್, ಲ್ಯಾನ್ (ತಂತಿಯ ಇಂಟರ್ನೆಟ್) ಮುಂತಾದವಕ್ಕೂ ಹಂಚುತ್ತವೆ. ಹಬ್ಬು ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರ ಸಾಗಿಸುವ ಪದ್ಧತಿಯ ಹಳೆಯ 1.2 ಕ್ರಮದ್ದಾಗಿದ್ದರೆ ಚಿತ್ರಕ್ಕೆ ಸಿಕ್ಕ ಎರಡು ಹಾದಿಗಳಲ್ಲಿ 4ಕೆ ಚಿತ್ರ 30 ಹರ್ಟ್ಸ್‌ನಲ್ಲಿ ಮಾತ್ರ ಸಾಗುತ್ತದೆ. ಹಬ್ಬೂ ಲ್ಯಾಪ್‌ಟಾಪೂ 1.4 ಕ್ರಮದವಾಗಿದ್ದರೆ ಅದೇ ಎರಡು ಹಾದಿಗಳಲ್ಲಿ 60 ಹರ್ಟ್ಸ್ ಸಿಗುತ್ತದೆ. 30 ಹರ್ಟ್ಸ್‌ನಲ್ಲಿ ಸಿನಿಮಾ ನೋಡಲು ತೊಂದರೆಯಿಲ್ಲ, ಆದರೆ ಮೌಸಿನ ಬಾಣ ಪರದೆಯ ಮೇಲೆ ಹರಿಯುವ ಬದಲು ಕುಪ್ಪಳಿಸತೊಡಗುತ್ತದೆ, ಪುಟ ಸರಿಸಿದರೆ ಅಕ್ಷರಗಳು ಒಡೆದಂತೆ ಕಾಣುತ್ತವೆ. ಲ್ಯಾಪ್‌ಟಾಪೇ ನಿಧಾನವಾಯಿತೆಂದು ಬಳಸುವವರು ಭಾವಿಸುತ್ತಾರೆ. ಅಂಗಡಿಯ ಡಬ್ಬಿಯ ಮೇಲೆ ‘4ಕೆ ಎಚ್‌ಡಿಎಂಐ’ ಎಂದಷ್ಟೇ ಬರೆದು ಹರ್ಟ್ಸ್ ಬರೆಯದಿದ್ದರೆ ಅದು 30 ಎಂದೇ ತಿಳಿಯುವುದು ಕ್ಷೇಮ.

ಇದನ್ನು ಪರೀಕ್ಷಿಸುವುದು ಸುಲಭ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋದರೆ ಹೊರಗಿನ ಮಾನಿಟರು ಎಷ್ಟು ಹರ್ಟ್ಸ್‌ನಲ್ಲಿ ನಡೆಯುತ್ತಿದೆ ಎಂಬುದು ಕಾಣುತ್ತದೆ. ಅದೇ ಪುಟದಲ್ಲಿ ಆ ಮಾನಿಟರು ಯಾವ ಗ್ರಾಫಿಕ್ಸ್ ಚಿಪ್ಪಿಗೆ ಜೋಡಣೆಯಾಗಿದೆ ಎಂಬುದೂ ಇರುತ್ತದೆ, ಅದನ್ನೂ ಓದಿಕೊಳ್ಳಿ. ಹಲವು ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪುಗಳಿದ್ದು, ಕೆಲವು ಪೋರ್ಟುಗಳು ಪ್ರೊಸೆಸರಿನೊಳಗಿನ ಸಣ್ಣ ಚಿಪ್ಪಿಗೂ ಕೆಲವು ನೇರವಾಗಿ ದೊಡ್ಡ ಚಿಪ್ಪಿಗೂ ಸೇರಿರುತ್ತವೆ. ಆಟ ಮತ್ತು ತ್ರೀಡಿ ಕೆಲಸಕ್ಕೆ ದೊಡ್ಡದಕ್ಕೆ ಸೇರಿದ ಪೋರ್ಟೇ ಬೇಕು, ಬರವಣಿಗೆಗೆ ಸಣ್ಣದಕ್ಕೆ ಸೇರಿದ್ದು ಸಾಕು, ಫ್ಯಾನಿನ ಸದ್ದೂ ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಡಾಕ್ ಕೊಳ್ಳುವವರು ತಮ್ಮ ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು, ಅಂಗಡಿಯ ಮಾನಿಟರಿಗೆ ಚುಚ್ಚಿ, ಈ ಪುಟದಲ್ಲಿ 60 ಎಂದು ಕಂಡ ಮೇಲೆಯೇ ಹಣ ಕೊಟ್ಟರೆ ಮರಳಿ ಬಂದು ವಾದಿಸುವ ಪ್ರಮೇಯ ತಪ್ಪುತ್ತದೆ.

ಕೇಬಲ್ಲಿನ ಬಗೆಗೂ ಒಂದು ಎಚ್ಚರಿಕೆ. ಫೋನಿನ ಜೊತೆ ಬಂದ ಯುಎಸ್‌ಬಿ-ಸಿ ಕೇಬಲ್ಲುಗಳಲ್ಲಿ ಹೆಚ್ಚಿನವು ಚಾರ್ಜಿಗಾಗಿ ಮಾಡಿದವು. ಅವುಗಳೊಳಗೆ ಚಿತ್ರದ ತಂತಿಗಳೇ ಇರುವುದಿಲ್ಲ, ದತ್ತಾಂಶ 480 ಮೆಗಾಬಿಟ್‌ಗೆ ನಿಲ್ಲುತ್ತದೆ. ಡಾಕಿನ ಜೊತೆ ಬಂದ ಗಿಡ್ಡ ಕೇಬಲ್ಲನ್ನೇ ಬಳಸಿ. ಉದ್ದದ್ದು ಬೇಕೆಂದು ಸಿಕ್ಕಿದ ಎರಡು ಮೀಟರಿನದನ್ನು ತಂದರೆ ವೇಗ ಬೀಳಬಹುದು. ಡಾಕನ್ನು ಎರಡು ಬದಿಯ ಅಂಟುಪಟ್ಟಿಯಿಂದ ಮೇಜಿನ ತಳಕ್ಕೆ ಅಂಟಿಸಿಕೊಂಡರೆ ಗಿಡ್ಡ ಕೇಬಲ್ಲೇ ಸಾಕಾಗುತ್ತದೆ, ತಂತಿಗಳ ಗೋಜಲೂ ಕಣ್ಣಿಗೆ ಬೀಳುವುದಿಲ್ಲ.

ಈಗ ಚಾರ್ಜಿನ ಮಾತು. ಯುಎಸ್‌ಬಿ-ಸಿ ಮೂಲಕ ಬಹಳ ಕಾಲ ಗರಿಷ್ಠ 100 ವ್ಯಾಟ್ ಮಾತ್ರ ಕೊಡಬಹುದಾಗಿತ್ತು. 2021ರಲ್ಲಿ ಬಂದ ಹೊಸ ಕ್ರಮ ಇದನ್ನು 240 ವ್ಯಾಟ್‌ಗೆ ಏರಿಸಿತಾದರೂ ಮಾರುಕಟ್ಟೆಯಲ್ಲಿರುವ ಹೆಚ್ಚಿನ ಡಾಕುಗಳು 100ರ ಆಸುಪಾಸಿನಲ್ಲೇ ಇವೆ. ತೆಳು ಲ್ಯಾಪ್‌ಟಾಪಿಗೆ ಅಷ್ಟು ಸಾಕು. ದೊಡ್ಡ ಗ್ರಾಫಿಕ್ಸ್ ಚಿಪ್ಪಿನ ಯಂತ್ರಕ್ಕೆ ಭಾರದ ಕೆಲಸದಲ್ಲಿ ಅದು ಸಾಲದು, ಡಾಕಿನಿಂದ ಬರುವುದಕ್ಕಿಂತ ಹೆಚ್ಚನ್ನು ಬ್ಯಾಟರಿಯಿಂದ ಹೀರುತ್ತ ಹೋಗುತ್ತದೆ. ಆದ್ದರಿಂದ ಅಂಥ ಯಂತ್ರ ಇರುವವರು ಒಂದೇ ಕೇಬಲ್ಲಿನ ಆಸೆ ಬಿಟ್ಟು, ಡಾಕಿನದೊಂದು ಮತ್ತು ಮೂಲ ಅಡಾಪ್ಟರಿನದೊಂದು ಹೀಗೆ ಎರಡು ಕೇಬಲ್ಲುಗಳಿಗೆ ಒಪ್ಪಿಕೊಳ್ಳುವುದು ಜಾಣತನ. ಅಂಥವರು ಮಾನಿಟರನ್ನೂ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟಿಗೆ ನೇರವಾಗಿ ಚುಚ್ಚಿ, ಕೀಬೋರ್ಡು ಮೌಸಿಗೆ ಸಾಧಾರಣ ಹಬ್ಬೊಂದನ್ನು ಇಟ್ಟುಕೊಂಡರೆ ದುಬಾರಿ ಡಾಕಿನ ಖರ್ಚೇ ಉಳಿಯುತ್ತದೆ.

ಆ್ಯಪಲ್ ಲ್ಯಾಪ್‌ಟಾಪಿನವರು ಬೇರೊಂದು ಮಿತಿಯನ್ನು ತಿಳಿದಿರಬೇಕು. ಸಾದಾ ಎಂ1 ಮತ್ತು ಎಂ2 ಚಿಪ್ಪಿನ ಮ್ಯಾಕ್‌ಬುಕ್‌ಗಳು ಹೊರಗಿನ ಒಂದೇ ಮಾನಿಟರನ್ನು ಒಪ್ಪುತ್ತವೆ. ಎಂ3 ಚಿಪ್ಪಿನ ಮ್ಯಾಕ್‌ಬುಕ್ ಏರ್ ಮುಚ್ಚಳ ಮುಚ್ಚಿದರೆ ಎರಡನ್ನು ಒಪ್ಪುತ್ತದೆ. ಡಿಸ್‌ಪ್ಲೇಲಿಂಕ್ ಎಂಬ ತಂತ್ರದ ಡಾಕುಗಳು ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶವಾಗಿ ಕಳಿಸುವ ಮೂಲಕ ಈ ಮಿತಿಯನ್ನು ದಾಟುತ್ತವೆ, ಆದರೆ ಆ ಕುಗ್ಗಿಸುವ ಕೆಲಸವನ್ನು ಪ್ರೊಸೆಸರೇ ಹೊರಬೇಕು. ಲೆಕ್ಕಪತ್ರಕ್ಕೆ, ಇಮೇಲಿಗೆ ಅದು ನಡೆಯುತ್ತದೆ. ವಿಡಿಯೋ ಸಂಕಲನಕ್ಕೆ ನಾನು ಅದನ್ನು ಹೇಳಲಾರೆ.

ಪರದೆ, ಅಕ್ಷರ, ಕುಳಿತುಕೊಳ್ಳುವ ರೀತಿ

ಮಾನಿಟರಿನ ಗಾತ್ರ 27 ಇಂಚಾದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕೆಗಳು, 27 ಇಂಚಿನ 4ಕೆ ಪರದೆಯಲ್ಲಿ ಸುಮಾರು 163. ಇಂಗ್ಲಿಷನ್ನಷ್ಟೇ ಓದುವವರು ಈ ವ್ಯತ್ಯಾಸವನ್ನು ಸಹಿಸಿಕೊಳ್ಳಬಹುದು. ದಿನವಿಡೀ ಕನ್ನಡ ಓದಿ ಬರೆಯುವವರಿಗೆ ಅದು ಎದ್ದು ಕಾಣುತ್ತದೆ. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಚುಕ್ಕೆಗಳು ವಿರಳವಾದಾಗ ಆ ಗೀಟು ಕರಗುತ್ತದೆ, ಒತ್ತಕ್ಷರಗಳು ಒಂದರೊಳಗೊಂದು ಬೆರೆತು ಕಪ್ಪು ಗಂಟಾಗುತ್ತವೆ. ಕರಡು ತಿದ್ದುವವರು 4ಕೆಗೆ ಹಣ ಹಾಕಿದರೆ ನಷ್ಟವಿಲ್ಲ. ವಿಂಡೋಸ್‌ನಲ್ಲಿ ಅಂಥ ಪರದೆಗೆ ಸ್ಕೇಲ್ ಎಂಬ, ಅಕ್ಷರಗಳನ್ನು ಹಿಗ್ಗಿಸುವ ಆಯ್ಕೆಯನ್ನು ಶೇ. 150ಕ್ಕೆ ಇಡಿ. ಲ್ಯಾಪ್‌ಟಾಪಿನ ಪರದೆಗೂ ಇದಕ್ಕೂ ಬೇರೆ ಬೇರೆ ಸ್ಕೇಲ್ ಇದ್ದರೆ ಕೆಲವು ಹಳೆಯ ತಂತ್ರಾಂಶಗಳ ಅಕ್ಷರ ಮಬ್ಬಾಗುವುದುಂಟು. ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಅದು ಬಹುಪಾಲು ಸರಿಯಾಗುತ್ತದೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ದೂರ ಒಂದು ತೋಳಿನಷ್ಟು, ಟೈಪು ಮಾಡುವಾಗ ಮೊಣಕೈ ಲಂಬಕೋನದಲ್ಲಿ ಇರಲಿ. ಲ್ಯಾಪ್‌ಟಾಪಿನದೇ ಕೀಬೋರ್ಡ್ ಬಳಸಿದರೆ ಇವೆರಡೂ ಏಕಕಾಲಕ್ಕೆ ಸಾಧ್ಯವಿಲ್ಲ. ಪರದೆ ಎತ್ತರಕ್ಕೆ ಬಂದರೆ ಕೈ ಮೇಲಾಗುತ್ತದೆ, ಕೈ ಸರಿಯಾದರೆ ಕತ್ತು ಬಗ್ಗುತ್ತದೆ. ಪ್ರತ್ಯೇಕ ಕೀಬೋರ್ಡು ಕಡ್ಡಾಯವೆನ್ನುವುದು ಇದಕ್ಕಾಗಿ.

ಲ್ಯಾಪ್‌ಟಾಪಿನ ಮುಚ್ಚಳ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು ಜಾಗವನ್ನು ಅವಲಂಬಿಸಿದೆ. ಜಾಗವಿದ್ದರೆ ತೆರೆದಿಡುವುದೇ ನನ್ನ ಆಯ್ಕೆ. ಎರಡನೆಯ ಪರದೆ ಸಿಗುತ್ತದೆ, ಕ್ಯಾಮೆರಾ ಮತ್ತು ಬೆರಳಚ್ಚು ಸಂವೇದಕ ಕೈಗೆಟುಕುತ್ತವೆ, ಪವರ್ ಬಟನ್ ಒತ್ತಲು ಪ್ರತಿಸಲ ಮುಚ್ಚಳ ಎತ್ತಬೇಕಿಲ್ಲ, ಕೀಗಳ ಸಂದಿಯಿಂದ ಗಾಳಿ ಎಳೆದುಕೊಳ್ಳುವ ಮಾದರಿಗಳಲ್ಲಿ ಬಿಸಿಯೂ ತಗ್ಗುತ್ತದೆ. ಮುಚ್ಚಿಡಲೇಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸ್‌ನಲ್ಲಿ, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ, ಚಾರ್ಜರಿಗೆ ಸೇರಿದ್ದಾಗ ‘ಡು ನಥಿಂಗ್’ ಎಂದು ಆರಿಸಿ. ಬ್ಯಾಟರಿಯ ಮೇಲಿದ್ದಾಗ ಮಲಗುವ ಆಯ್ಕೆಯೇ ಇರಲಿ. ಅದನ್ನೂ ಬದಲಿಸಿದರೆ ಚೀಲದೊಳಗೆ ಎಚ್ಚರವಾಗಿಯೇ ಉಳಿದು ಊರು ತಲುಪುವಷ್ಟರಲ್ಲಿ ಕೈ ಸುಡುವಂತಾಗಿರುತ್ತದೆ.

ಗೋಡೆಯ ಪ್ಲಗ್ಗಿನಿಂದ ಹಿಡಿದು

ವಿದೇಶಿ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದೇ ಇಲ್ಲ, ನಮ್ಮಲ್ಲಿ ಬೇಕೇ ಬೇಕು.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟು ಅಂಗೈಯನ್ನು ಮೆಲ್ಲನೆ ಮೇಲೆ ಸವರಿದಾಗ ಜುಮ್ಮೆನ್ನುವ, ಒರಟು ಬಟ್ಟೆಯನ್ನು ಮುಟ್ಟಿದಂತಾಗುವ ಅನುಭವ ಹಲವರಿಗಿದೆ. ಬರಿಗಾಲಲ್ಲಿ ರೆಡ್‌ಆಕ್ಸೈಡ್ ನೆಲದ ಮೇಲೆ ನಿಂತಿದ್ದರೆ ಅದು ಇನ್ನೂ ಸ್ಪಷ್ಟ. ಅಡಾಪ್ಟರಿನೊಳಗೆ ವಿದ್ಯುತ್ ಗದ್ದಲವನ್ನು ಅಡಗಿಸಲೆಂದು ಹಾಕಿರುವ ಪುಟ್ಟ ಕೆಪಾಸಿಟರುಗಳ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ತು ಅರ್ಥಿಂಗ್ ಮೂಲಕ ನೆಲ ಸೇರಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಗೆ ಬಂದು ನಿಲ್ಲುತ್ತದೆ. ಜೀವಕ್ಕೆ ಅಪಾಯವಾಗುವಷ್ಟು ಅದು ಇರುವುದಿಲ್ಲ, ಆದರೆ ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದಿಗೂ, ಕೇಬಲ್ ಚುಚ್ಚುವಾಗ ಪೋರ್ಟಿನಲ್ಲಿ ಹಾರುವ ಕಿಡಿಗೂ ಅದು ಕಾರಣವಾಗಬಲ್ಲದು. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ಥಿನ ದಾರಿಯೇ ಇಲ್ಲದ್ದರಿಂದ ಒಳ್ಳೆಯ ಮನೆಯಲ್ಲೂ ಇದು ಆಗಬಹುದು. ಮೂರು ಪಿನ್ನಿನದನ್ನು ಬಳಸುತ್ತಿದ್ದೂ ಹೀಗಾದರೆ ಗೋಡೆಯ ಪ್ಲಗ್ಗಿನ ಮೇಲಿನ ದೊಡ್ಡ ರಂಧ್ರಕ್ಕೆ ತಂತಿ ಬಂದಿಲ್ಲವೆಂದೇ ಅನುಮಾನಿಸಬೇಕು. ಹಳೆಯ ಬಾಡಿಗೆ ಮನೆಗಳಲ್ಲಿ ಇದು ಸಾಮಾನ್ಯ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಫೇಸಿಗೂ ಅರ್ಥಿಗೂ ನಡುವೆ ಸುಮಾರು 230 ವೋಲ್ಟ್ ತೋರಿಸುತ್ತದೆಯೇ, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು-ಮೂರು ವೋಲ್ಟ್‌ಗಿಂತ ಹೆಚ್ಚಿಲ್ಲವೇ ಎಂದು ಮೀಟರಿನಿಂದ ಅಳೆಸಿ. ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಮೊದಲ ರಕ್ಷಣೆ ಇದು. ಅಲ್ಲಿಯವರೆಗೆ ಮಾನಿಟರು ಮತ್ತು ಲ್ಯಾಪ್‌ಟಾಪು ಎರಡನ್ನೂ ಸ್ವಿಚ್ ಆಫ್ ಮಾಡಿಯೇ ಎಚ್‌ಡಿಎಂಐ ಕೇಬಲ್ ಚುಚ್ಚಿ.

ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. ಮಾನಿಟರಿಗೂ ರೌಟರಿಗೂ ಇಲ್ಲ. ಡೆಸ್ಕ್‌ಟಾಪಿಗೆಂದು ಮಾರುವ 600 ವಿಎ ಸಾಮರ್ಥ್ಯದ ಯುಪಿಎಸ್ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಲ್ಯಾಪ್‌ಟಾಪಿನ ಅಡಾಪ್ಟರನ್ನು ಸೇರಿಸದೆ ಮಾನಿಟರು ಮತ್ತು ರೌಟರನ್ನು ಮಾತ್ರ ಸೇರಿಸಿದರೆ, ಸುಮಾರು 50 ವ್ಯಾಟ್ ಭಾರಕ್ಕೆ ಅದರೊಳಗಿನ 12 ವೋಲ್ಟ್ 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಹೊಸದಿದ್ದಾಗ ಅರ್ಧದಿಂದ ಮುಕ್ಕಾಲು ಗಂಟೆ ನಿಲ್ಲುತ್ತದೆ. ಬ್ಯಾಟರಿಯ ಮೇಲೆ ಓಡುವಾಗ ದೊಡ್ಡ ಗ್ರಾಫಿಕ್ಸ್ ಚಿಪ್ಪು ತನ್ನ ವೇಗವನ್ನು ಬಹಳ ತಗ್ಗಿಸಿಕೊಳ್ಳುತ್ತದೆ. ವಿಮಾನಯಾನದ ನಿಯಮಕ್ಕೆ ಹೊಂದಿಕೊಂಡು 100 ವ್ಯಾಟ್-ಗಂಟೆಯೊಳಗೇ ಉಳಿಸಿರುವ ಬ್ಯಾಟರಿಯಿಂದ 200 ವ್ಯಾಟ್ ಹೀರುವಂತಿಲ್ಲ. ಆದ್ದರಿಂದ ಕರೆಂಟು ಹೋದಾಗ ರೆಂಡರಿಂಗನ್ನು, ಎಂದರೆ ವಿಡಿಯೋ ಅಥವಾ ತ್ರೀಡಿ ಚಿತ್ರದ ಅಂತಿಮ ರೂಪ ತೆಗೆಯುವ ಭಾರದ ಕೆಲಸವನ್ನು ನಿಲ್ಲಿಸಿ ಬರವಣಿಗೆಯಂಥ ಹಗುರ ಕೆಲಸಕ್ಕೆ ಹೊರಳಿಕೊಳ್ಳಿ.

ಮಲೆನಾಡು, ಕರಾವಳಿಯವರಿಗೆ ಸಿಡಿಲಿನ ವಿಚಾರ ಹೇಳಿಕೊಡಬೇಕಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗಿಗೆ ಪ್ಲಗ್ಗು ಕೀಳುವ ಅಭ್ಯಾಸ ಎಲ್ಲರಿಗೂ ಇದೆ. ಆದರೆ ಲ್ಯಾನ್ ಕೇಬಲ್ಲನ್ನು ಮರೆಯುತ್ತಾರೆ. ಫೈಬರ್ ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ. ಆದರೆ ಹಲವು ಊರುಗಳಲ್ಲಿ ಕೇಬಲ್ಲಿನವರು ರಸ್ತೆಯ ಕಂಬದಿಂದ ಮನೆಯೊಳಗಿನವರೆಗೆ ತಾಮ್ರದ ಲ್ಯಾನ್ ತಂತಿಯನ್ನೇ ಎಳೆದಿರುತ್ತಾರೆ. ಅದು ಡಾಕಿಗೆ ಚುಚ್ಚಿಕೊಂಡಿದ್ದರೆ ಡಾಕಿನ ಮೂಲಕ ಲ್ಯಾಪ್‌ಟಾಪಿಗೂ ದಾರಿಯಿದೆ. ಪ್ಲಗ್ಗಿನ ಜೊತೆಗೆ ಅದನ್ನೂ ಕೀಳಬೇಕು.

ಬಿಸಿ ಮತ್ತು ದೂಳು

ಪ್ರೊಸೆಸರಿನ ಉಷ್ಣತೆ 100 ಡಿಗ್ರಿಯ ಸಮೀಪಕ್ಕೆ ಬಂದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಮುಟ್ಟಿರುವಾಗ ಫ್ಯಾನುಗಳಿಗೆ ಉಳಿಯುವ ಅವಕಾಶ ಕಡಿಮೆ. ಹೆಚ್ಚಿನ ಲ್ಯಾಪ್‌ಟಾಪುಗಳು ತಳದಿಂದ ಗಾಳಿ ಎಳೆದು ಹಿಂಬದಿಯಿಂದ ಹೊರಹಾಕುವುದರಿಂದ, ಹಿಂಭಾಗವನ್ನು ಎರಡು-ಮೂರು ಸೆಂಟಿಮೀಟರಿನಷ್ಟು ಎತ್ತರಿಸುವ ಸ್ಟ್ಯಾಂಡ್ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಪರಿಣಾಮಕಾರಿ ಉಪಾಯ. ಹಿಂದೆ ಗೋಡೆಗೆ ಒಂದು ಗೇಣಾದರೂ ಅಂತರ ಇರಲಿ, ಮೇಜಿನ ಮೇಲೆ ಬಟ್ಟೆ ಹಾಸುವ ರೂಢಿಯಿದ್ದರೆ ಲ್ಯಾಪ್‌ಟಾಪಿರುವ ಜಾಗದಲ್ಲಿ ಅದನ್ನು ತೆಗೆಯಿರಿ. ಪವರ್ ಆಪ್ಶನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯ ಆಯ್ಕೆ ಕಾಣುವ ಯಂತ್ರಗಳಲ್ಲಿ ಅದನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಎಂಬ ಹೆಚ್ಚುವರಿ ವೇಗ ನಿಂತುಹೋಗುತ್ತದೆ. ಬರವಣಿಗೆ, ಬ್ರೌಸಿಂಗಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಫ್ಯಾನಿನ ಅಬ್ಬರ ಮಾತ್ರ ಗಣನೀಯವಾಗಿ ತಗ್ಗುತ್ತದೆ.

ವರ್ಷಕ್ಕೊಮ್ಮೆ, ರಸ್ತೆಬದಿಯ ಮನೆಯಾದರೆ ಆರು ತಿಂಗಳಿಗೊಮ್ಮೆ, ಯಂತ್ರವನ್ನು ಸ್ವಿಚ್ ಆಫ್ ಮಾಡಿ ಗಾಳಿಕಿಂಡಿಗಳ ದೂಳು ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಸುತ್ತದಂತೆ ಕಡ್ಡಿಯೊಂದರಿಂದ ತಡೆಹಿಡಿಯಿರಿ, ಅತಿವೇಗದಲ್ಲಿ ಸುತ್ತಿದರೆ ಬೇರಿಂಗ್ ಹಾಳಾಗುತ್ತದೆ. ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಬದಲಿಸುವ ಕೆಲಸವನ್ನು ಬಲ್ಲವರ ಕೈಗೇ ಕೊಡಿ. ಕೆಲವು ದುಬಾರಿ ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ, ವಿದ್ಯುತ್ ಹರಿಸುವ ಅದರ ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಯಂತ್ರವೇ ಹೋದಂತೆ.

ಬ್ಯಾಟರಿ

ಸದಾ ಚಾರ್ಜಿನಲ್ಲಿರುವ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಮುಪ್ಪಾಗಿಸುವುದು ಬಳಕೆಯಲ್ಲ, ಶೇ. 100 ತುಂಬಿದ ಸ್ಥಿತಿಯೂ ಬಿಸಿಯೂ ಒಟ್ಟಿಗೆ ಸೇರುವುದು. ಲೆನೊವೊ, ಏಸಸ್, ಡೆಲ್, ಎಚ್‌ಪಿ ಮೊದಲಾದ ಎಲ್ಲ ಪ್ರಮುಖ ತಯಾರಕರೂ ಚಾರ್ಜನ್ನು ಮಧ್ಯದಲ್ಲಿ ತಡೆಯುವ ಆಯ್ಕೆಯನ್ನು ತಮ್ಮ ತಂತ್ರಾಂಶದಲ್ಲೋ, ಯಂತ್ರ ಆರಂಭವಾಗುವಾಗ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ ಪುಟದಲ್ಲೋ ಕೊಟ್ಟಿದ್ದಾರೆ. ಮೇಜಿನ ಮೇಲಿರುವಾಗ ಅದನ್ನು ಶೇ. 80ಕ್ಕೆ, 60ರ ಆಯ್ಕೆ ಇದ್ದು ನಿಮ್ಮಲ್ಲಿ ಕರೆಂಟು ಅಷ್ಟಾಗಿ ಹೋಗದಿದ್ದರೆ 60ಕ್ಕೆ ಇಟ್ಟು, ಪ್ರಯಾಣದ ಹಿಂದಿನ ರಾತ್ರಿ ಮಾತ್ರ ತೆಗೆದರೆ ಸಾಕು. ಚಾರ್ಜರನ್ನು ದಿನವೂ ಕಿತ್ತು ಹಾಕುವ ವ್ರತದ ಅಗತ್ಯವಿಲ್ಲ.

ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದೆ, ಅದರ ಒಂದು ಅಂಚು ಎದ್ದಿದೆ, ಸಮತಟ್ಟು ಮೇಜಿನ ಮೇಲೂ ಲ್ಯಾಪ್‌ಟಾಪು ಅಲುಗುತ್ತದೆ ಎಂದಾದರೆ ಬ್ಯಾಟರಿ ಉಬ್ಬುತ್ತಿದೆಯೆಂದು ತಿಳಿದು ತಕ್ಷಣ ಚಾರ್ಜರ್ ತೆಗೆದು ಬದಲಿಸಬೇಕು. ಹೊರಗಿನ ಕೀಬೋರ್ಡು ಬಳಸುವವರು ಟಚ್‌ಪ್ಯಾಡನ್ನು ತಿಂಗಳುಗಟ್ಟಲೆ ಮುಟ್ಟದಿರುವುದರಿಂದ ಇದು ಅವರ ಗಮನಕ್ಕೆ ತಡವಾಗಿ ಬರುತ್ತದೆ, ಆಗಾಗ ಬೆರಳಾಡಿಸಿ ನೋಡುತ್ತಿರಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒತ್ತಬಾರದು, ಒಣಕಸದ ಬುಟ್ಟಿಗೆ ಹಾಕಬಾರದು. ತಯಾರಕರ ಸೇವಾಕೇಂದ್ರಕ್ಕೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ತಲುಪಿಸಬೇಕು.

ಹೊರಡುವ ಮುನ್ನ

ಊರಿನ ಮನೆಯಲ್ಲೂ ಒಂದು ಹಳೆಯ ಮಾನಿಟರು, ಅಗ್ಗದ ಕೀಬೋರ್ಡು ಮೌಸು, ಸಾಧ್ಯವಾದರೆ ಎರಡನೆಯ ಅಡಾಪ್ಟರು ಇಟ್ಟುಬಿಟ್ಟರೆ ಚೀಲದಲ್ಲಿ ಲ್ಯಾಪ್‌ಟಾಪೊಂದೇ ಹೋಗುತ್ತದೆ. ದೊಡ್ಡ ಗ್ರಾಫಿಕ್ಸ್ ಯಂತ್ರಗಳ ಮೂಲ ಅಡಾಪ್ಟರೇ ಒಂದು ಕಿಲೋದ ಹತ್ತಿರ ತೂಗಬಹುದಾದ್ದರಿಂದ, ಅಲ್ಲಿ ಹಗುರ ಕೆಲಸವಷ್ಟೇ ಇದ್ದು ಯಂತ್ರ ಯುಎಸ್‌ಬಿ-ಸಿ ಚಾರ್ಜನ್ನು ಒಪ್ಪುವುದಾದರೆ 100 ವ್ಯಾಟಿನ ಸಣ್ಣ ಚಾರ್ಜರನ್ನು ಒಯ್ದರೆ ಹೆಗಲಿಗೆ ಸುಖ.

ಡೆಸ್ಕ್‌ಟಾಪು ಬಸ್ಸಿನಲ್ಲಿ ಕಳೆದುಹೋಗುವುದಿಲ್ಲ, ನೀರಿನ ಬಾಟಲಿಯ ಪಕ್ಕ ಚೀಲದಲ್ಲಿ ಕೂರುವುದಿಲ್ಲ. ಅದರ ಜಾಗಕ್ಕೆ ಬಂದ ಲ್ಯಾಪ್‌ಟಾಪಿಗೆ ಇವೆರಡೂ ಆಗಬಹುದು. ಆದ್ದರಿಂದ ಬ್ಯಾಕಪ್ ತೆಗೆದುಕೊಳ್ಳುವ ಡಿಸ್ಕನ್ನು ಡಾಕಿಗೇ ಖಾಯಂ ಸಿಕ್ಕಿಸಿಟ್ಟು, ಮೇಜಿಗೆ ಬಂದಾಗಲೆಲ್ಲ ತಾನಾಗಿ ಪ್ರತಿಯಾಗುವಂತೆ ಹೊಂದಿಸಿ, ಆ ಡಿಸ್ಕನ್ನು ಮಾತ್ರ ಎಂದಿಗೂ ಅದೇ ಚೀಲಕ್ಕೆ ಹಾಕಬೇಡಿ. ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ಬಹುತೇಕ ತಾನಾಗಿಯೇ ಜಾರಿಯಲ್ಲಿರುತ್ತದೆ, ಕಳ್ಳನ ಕೈಗೆ ಸಿಕ್ಕರೂ ಕಡತಗಳು ತೆರೆಯುವುದಿಲ್ಲ. ಬಿಟ್‌ಲಾಕರ್ ಎಂಬ ಆ ಬೀಗವನ್ನು ತೆರೆಯುವ 48 ಅಂಕಿಗಳ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು, ಕಾಗದದ ಮೇಲೆ ಮುದ್ರಿಸಿ, ಮನೆಯ ಕಾಗದಪತ್ರಗಳ ಜೊತೆ ಇಟ್ಟಿರಿ. ಸೇವಾಕೇಂದ್ರದಲ್ಲಿ ಮದರ್‌ಬೋರ್ಡ್ ಬದಲಾದ ದಿನ ಯಂತ್ರ ಮೊದಲು ಕೇಳುವುದು ಅದನ್ನೇ.